ಬೆಳಿಗ್ಗೆ ಬಂದು ಮಧ್ಯಾಹ್ನ ಮಾಯವಾಗುವ ಇನ್ಸುಲೇಷನ್ ಅಲಾರಂ: ಕರೆಂಟ್ ಬಸ್ಸಿನಲ್ಲಿ ಸೋರಿಕೆ ಹಿಡಿಯುವ ಬಗೆ

ದೋಷದ ಲಕ್ಷಣ ಹೀಗಿರುತ್ತದೆ. ರಾತ್ರಿಯೆಲ್ಲ ಚಾರ್ಜ್ ಆಗಿ ನಿಂತ ಬಸ್ಸನ್ನು ಬೆಳಗಿನ ಜಾವ ಡ್ರೈವರ್ ಆನ್ ಮಾಡುತ್ತಾರೆ. ಒಂದೆರಡು ನಿಮಿಷದಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಇನ್ಸುಲೇಷನ್ ಎಚ್ಚರಿಕೆ ಹೊತ್ತಿಕೊಳ್ಳುತ್ತದೆ. ಕೆಲವು ಬಸ್ಸುಗಳಲ್ಲಿ ಹಳದಿ ದೀಪ ಉರಿಯುತ್ತಲೇ ಗಾಡಿ ಓಡುತ್ತದೆ. ಕೆಲವದರಲ್ಲಿ ಕೆಂಪು ಬಂದು, ಬ್ಯಾಟರಿಯ ಲೈನನ್ನು ಸೇರಿಸಿ ಬಿಡಿಸುವ ದೊಡ್ಡ ಸ್ವಿಚ್ಚುಗಳಾದ ಕಾಂಟ್ಯಾಕ್ಟರ್‌ಗಳು ಟಪ್ಪೆಂದು ಬಿಟ್ಟುಕೊಂಡು, ಬಸ್ಸು ನಿಂತಲ್ಲೇ ನಿಲ್ಲುತ್ತದೆ. ಟ್ರಿಪ್ ತಪ್ಪುತ್ತದೆ, ಬದಲಿಗೆ ಡೀಸೆಲ್ ಬಸ್ಸು ಹೋಗುತ್ತದೆ. ಮೆಕ್ಯಾನಿಕ್ ಬಂದು ಸ್ಕ್ಯಾನರ್ ಹಾಕುವ ಹೊತ್ತಿಗೆ ಬಿಸಿಲೇರಿ ಎಲ್ಲ ಸರಿಯಾಗಿರುತ್ತದೆ. ಕೋಡ್ ಅಳಿಸಿ ಕಳಿಸುತ್ತಾರೆ. ಮಾರನೆ ಬೆಳಿಗ್ಗೆ ಮತ್ತದೇ ರಾಗ. ತುಮಕೂರಿನಲ್ಲಿ ನಾನು ಕಂಡ ಮಟ್ಟಿಗೆ ಜೋರು ಮಳೆಗಾಲಕ್ಕಿಂತ ಇಬ್ಬನಿ ಬೀಳುವ ಮಾರ್ಗಶಿರ, ಪುಷ್ಯದಲ್ಲಿ ಇದರ ಕಾಟ ಜಾಸ್ತಿ. ಯಾಕೆ ಎನ್ನುವುದು ಮುಂದೆ ಬರುತ್ತದೆ.

ವಸಂತನರಸಾಪುರದ ಕಡೆಗೆ ಓಡುವ ಸ್ಟಾಫ್ ಬಸ್ಸು, ಊರೊಳಗಿನ ಸಿಟಿ ಬಸ್ಸು ನೋಡಿಕೊಳ್ಳುವ ಹುಡುಗರಿಗೆ, ಐಟಿಐ ಮುಗಿಸಿ ಈಗಷ್ಟೇ ಶೆಡ್ಡಿಗೆ ಬಂದವರಿಗೆ ಎಂದು ಇದನ್ನು ಬರೆಯುತ್ತಿದ್ದೇನೆ. ಈ ಅಲಾರಂ ಬಂದಾಗ ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಪಾರ್ಟು ಬದಲಾಯಿಸುವ ಕೆಲಸ. ಮೊದಲು ಸೆನ್ಸರ್, ಆಮೇಲೆ ಕೇಬಲ್, ಆಮೇಲೆ ಕಂಪ್ರೆಸರ್, ಕೊನೆಗೆ ಕಂಪನಿಯವರಿಗೆ ಫೋನು. ಇದು ಹಣ ಸುಡುವ ದಾರಿ. ಇನ್ಸುಲೇಷನ್ ದೋಷಕ್ಕೆ ಇರುವುದು ಒಂದೇ ಉಪಾಯ: ವ್ಯವಸ್ಥೆಯನ್ನು ಭಾಗ ಮಾಡುತ್ತಾ ಹೋಗುವುದು. ಬೀದಿಯಲ್ಲಿ ನೀರಿನ ಪೈಪು ಎಲ್ಲೋ ಸೋರುತ್ತಿದ್ದರೆ ವಾಟರ್‌ಮನ್ ಇಡೀ ರಸ್ತೆ ಅಗೆಯುವುದಿಲ್ಲ, ಒಂದೊಂದೇ ವಾಲ್ವು ತಿರುಗಿಸಿ ನೋಡುತ್ತಾನೆ. ಅಷ್ಟೇ.

ಅಲಾರಂ ಏನು ಹೇಳುತ್ತಿದೆ

ಮನೆಯ ವೈರಿಂಗಿನಲ್ಲಿ ನ್ಯೂಟ್ರಲ್ಲಿಗೂ ಭೂಮಿಗೂ ಸಂಬಂಧ ಇರುತ್ತದೆ. ಹಾಗಾಗಿ ಫೇಸ್ ಮುಟ್ಟಿದ ಕೂಡಲೇ ಶಾಕ್. ಕರೆಂಟ್ ಬಸ್ಸಿನ ಬ್ಯಾಟರಿ ಹಾಗಲ್ಲ. ಅದರ ಪ್ಲಸ್ಸಿಗೂ ಬಾಡಿಗೂ ಸಂಬಂಧ ಇಲ್ಲ, ಮೈನಸ್ಸಿಗೂ ಇಲ್ಲ. ಸುಮಾರು 600 ವೋಲ್ಟಿನ ವ್ಯವಸ್ಥೆ ಬಾಡಿಯೊಳಗೇ ಇದ್ದರೂ ಬಾಡಿಯನ್ನು ಮುಟ್ಟದೆ ತೇಲುತ್ತಿರುತ್ತದೆ. ಒಂದು ಕಡೆ ಇನ್ಸುಲೇಷನ್ ಹೋದರೆ ತಕ್ಷಣಕ್ಕೆ ಏನೂ ಆಗುವುದಿಲ್ಲ. ಕರೆಂಟು ಹರಿಯಲು ವಾಪಸ್ ದಾರಿ ಬೇಕಲ್ಲ. ಅಪಾಯ ಇರುವುದು ಎರಡನೆಯ ಕಡೆಯೂ ಹೋದಾಗ. ಅಥವಾ ಆ ಎರಡನೆಯ ದಾರಿ ನಿಮ್ಮ ಕೈಯೇ ಆದಾಗ. ಅದಕ್ಕೇ ಮೊದಲ ಸೋರಿಕೆಯಲ್ಲೇ ಕೂಗಿಕೊಳ್ಳುವ ಒಂದು ಘಟಕವನ್ನು ಕೂರಿಸಿರುತ್ತಾರೆ. ಅದು ಪ್ಲಸ್ ಮತ್ತು ಬಾಡಿ, ಮೈನಸ್ ಮತ್ತು ಬಾಡಿ ನಡುವಿನ ರೋಧವನ್ನು ಸದಾ ಅಳೆಯುತ್ತಿರುತ್ತದೆ.

ಎಷ್ಟಕ್ಕೆ ಕೂಗಬೇಕು? ನಮ್ಮ ದೇಶದ ಎಐಎಸ್-038 ಮತ್ತು ಅದಕ್ಕೆ ಮಾದರಿಯಾದ ವಿಶ್ವಸಂಸ್ಥೆಯ ಆರ್-100 ನಿಯಮ, ಎರಡೂ ಡಿಸಿ ಭಾಗಕ್ಕೆ ವೋಲ್ಟಿಗೆ 100 ಓಮ್, ಎಸಿ ಕರೆಂಟಿನ ಭಾಗಕ್ಕೆ ವೋಲ್ಟಿಗೆ 500 ಓಮ್ ಎಂದು ಕನಿಷ್ಠ ಮಿತಿ ಹಾಕಿವೆ. 600 ವೋಲ್ಟಿನ ಬಸ್ಸಿಗೆ ಲೆಕ್ಕ ಹಾಕಿ: 60 ಕಿಲೋಓಮ್ ಮತ್ತು 300 ಕಿಲೋಓಮ್. ಬಹಳ ತಯಾರಕರು ದೊಡ್ಡ ಅಂಕಿಯ ಸುತ್ತಮುತ್ತ ಹಳದಿ ದೀಪವನ್ನೂ ಚಿಕ್ಕದರ ಸುತ್ತ ಕೆಂಪು ದೀಪವನ್ನೂ ಇಟ್ಟಿರುತ್ತಾರೆ. ನಿಮ್ಮ ಬಸ್ಸಿನ ನಿಖರ ಅಂಕಿ ಅದರ ಕೈಪಿಡಿಯಲ್ಲಿದೆ, ನೋಡಿಕೊಳ್ಳಿ. ಹೊಸ ಬಸ್ಸಿನಲ್ಲಿ, ಒಣ ಹವೆಯಲ್ಲಿ ಈ ರೋಧ ಮೆಗಾಓಮ್‌ಗಳಲ್ಲಿರುತ್ತದೆ. ಅದು 400 ಕಿಲೋಓಮಿಗೆ ಇಳಿದಿದ್ದರೆ ದೀಪ ಹತ್ತದಿದ್ದರೂ ಎಲ್ಲೋ ಏನೋ ಶುರುವಾಗಿದೆ ಎಂದೇ ಅರ್ಥ. ಸ್ಕ್ಯಾನರಿನಲ್ಲಿ ಈ ಅಂಕಿ ಲೈವ್ ಆಗಿ ಕಾಣುತ್ತದೆ. ಕೋಡ್ ಓದಿ ಅಳಿಸುವವರು ಅದನ್ನು ತೆರೆದು ನೋಡುವುದೇ ಇಲ್ಲ.

ಟ್ರಾಲಿಬಸ್ಸಿನವರ ಹಳೆಯ ಶಿಸ್ತು

ಈ ಸಮಸ್ಯೆ ಬ್ಯಾಟರಿ ಬಸ್ಸಿನ ಜೊತೆ ಹುಟ್ಟಿದ್ದಲ್ಲ. ಮೇಲಿನ ಎರಡು ತಂತಿಯಿಂದ ಕರೆಂಟು ತೆಗೆದುಕೊಂಡು ಓಡುವ ಟ್ರಾಲಿಬಸ್ಸಿನವರು ಇದರ ಜೊತೆ ತಲೆಮಾರುಗಳಿಂದ ಬದುಕುತ್ತಿದ್ದಾರೆ. ಬರ್ಲಿನ್ನಿನ ಹೊರಗೆ ಸೀಮೆನ್ಸ್ ಇಂಥ ಗಾಡಿಯನ್ನು ಮೊದಲು ಓಡಿಸಿ ತೋರಿಸಿದ್ದು 1882ರಲ್ಲಿ. ದೆಹಲಿಯಲ್ಲಿ ಒಂದು ಕಾಲಕ್ಕೆ ಓಡುತ್ತಿತ್ತು, ಮುಂಬಯಿಯಲ್ಲಿ 1962ರಿಂದ 1971ರವರೆಗೆ ಓಡಿತು. ನೇಪಾಳದ ಕಾಠ್ಮಂಡುವಿನಲ್ಲೂ 1975ರಲ್ಲಿ ಚೀನಾದ ನೆರವಿನಿಂದ ಶುರುವಾಗಿ ದಶಕಗಳ ಕಾಲ ಇತ್ತು. ನಮ್ಮ ಬಿ.ಎಚ್. ರಸ್ತೆಯ ಮೇಲೆ ತಂತಿ ಎಳೆಯುವ ದಿನ ಬರುತ್ತದೆಯೋ ಇಲ್ಲವೋ, ಅವರ ಕ್ರಮ ನಮಗೆ ಇವತ್ತೇ ಬೇಕು.

ಯಾಕೆಂದರೆ ಅಲ್ಲಿ ಸೋರಿಕೆ ಬರೀ ಅಲಾರಂ ವಿಷಯವಲ್ಲ. ಟ್ರಾಮಿಗೆ ಕಬ್ಬಿಣದ ಚಕ್ರ, ಕಬ್ಬಿಣದ ಹಳಿ. ಅದರ ಬಾಡಿ ಸದಾ ಭೂಮಿಗೆ ಅಂಟಿಕೊಂಡಂತೆ. ಟ್ರಾಲಿಬಸ್ಸಿಗೆ ರಬ್ಬರ್ ಟೈರು. ತಂತಿಯ ವೋಲ್ಟೇಜು 600 ಅಥವಾ 750, ಡಿಸಿ. ಹಲವು ಊರುಗಳಲ್ಲಿ ಅದರ ಮೈನಸ್ ತಂತಿಗೆ ಸಬ್‌ಸ್ಟೇಷನ್ನಿನಲ್ಲಿ ನೆಲದ ನಂಟು ಇರುತ್ತದೆ. ಪ್ಲಸ್ ಕಡೆಯಿಂದ ಬಾಡಿಗೆ ಸೋರಿದರೆ ಇಡೀ ಬಾಡಿ ವೋಲ್ಟೇಜ್ ಏರಿಸಿಕೊಂಡು ಸುಮ್ಮನೆ ನಿಂತಿರುತ್ತದೆ. ಒಳಗಿರುವವರಿಗೆ ಗೊತ್ತೇ ಆಗುವುದಿಲ್ಲ. ಒದ್ದೆ ನೆಲದ ಮೇಲೆ ನಿಂತು ಬಾಗಿಲ ಕಂಬಿ ಹಿಡಿದವನ ಮೈಯಲ್ಲೇ ಸರ್ಕೀಟು ಪೂರ್ತಿಯಾಗುತ್ತದೆ. ಇದೇ ಭಯಕ್ಕೆ ಅಲ್ಲಿ ಎಲ್ಲವನ್ನೂ ಎರಡು ಪದರದಲ್ಲಿ ಇನ್ಸುಲೇಟ್ ಮಾಡುತ್ತಾರೆ. ಯಂತ್ರದ ಒಳಗೆ ಒಂದು ಇನ್ಸುಲೇಷನ್, ಆ ಯಂತ್ರವನ್ನು ಬಾಡಿಗೆ ಕೂರಿಸುವ ಜಾಗದಲ್ಲಿ ಇನ್ನೊಂದು. ಕರೆಂಟು ಮುಟ್ಟದ ಮೆಟ್ಟಿಲು, ಹಿಡಿಕೆಗಳನ್ನು ಹಾಕುತ್ತಾರೆ. ಡಿಪೋದಿಂದ ಬಸ್ಸು ಹೊರಡುವ ಮುಂಚೆ ಬಾಡಿಯಿಂದ ನೆಲಕ್ಕೆ ಎಷ್ಟು ಸೋರುತ್ತಿದೆ ಎಂದು ಅಳೆದು ಬರೆದಿಡುವ ಪದ್ಧತಿ ಎಷ್ಟೋ ಊರುಗಳಲ್ಲಿ ದಿನಚರಿಯೇ ಆಗಿತ್ತು. ಟೈರಿನ ಗಾಳಿ ನೋಡಿದಷ್ಟೇ ಸಹಜವಾಗಿ ಸೋರಿಕೆ ನೋಡುತ್ತಿದ್ದರು.

ಈಗ ಜರ್ಮನಿಯ ಸೋಲಿಂಗನ್, ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಮುಂತಾದ ಊರುಗಳಲ್ಲಿ ಟ್ರಾಲಿಬಸ್ಸಿಗೇ ಬ್ಯಾಟರಿ ಜೋಡಿಸಿದ್ದಾರೆ. 1972ರಲ್ಲಿ ಟ್ರಾಲಿಬಸ್ಸನ್ನು ಪೂರ್ತಿ ನಿಲ್ಲಿಸಿದ್ದ ಪ್ರಾಗ್ ನಗರ ಅದನ್ನು ವಾಪಸ್ ತಂದದ್ದೂ ಬ್ಯಾಟರಿಯ ಬಲದಿಂದಲೇ. ತಂತಿಯ ಕೆಳಗೆ ಓಡುತ್ತಲೇ ಚಾರ್ಜು, ತಂತಿ ಇಲ್ಲದ ಬಡಾವಣೆಗೆ ಬಂದಾಗ ತಂತಿಗೆ ತಾಗುವ ಛಾವಣಿಯ ಕಂಬ ಇಳಿಸಿ ಬ್ಯಾಟರಿಯ ಮೇಲೆ ಓಟ. ಈ ಬಸ್ಸುಗಳಲ್ಲಿ ಸೋರಿಕೆ ಹುಡುಕುವ ಮೊದಲ ಪ್ರಶ್ನೆ ಬಹಳ ಚೆಂದ: ಅಲಾರಂ ಬಂದಾಗ ಕಂಬ ಮೇಲಿತ್ತೋ, ಕೆಳಗಿತ್ತೋ? ಮೇಲಿದ್ದಾಗ ಮಾತ್ರ ಬರುತ್ತಿದ್ದರೆ ದೋಷ ಛಾವಣಿಯ ಮೇಲಿದೆ. ಕಂಬದ ಬುಡದ ಇನ್ಸುಲೇಟರ್, ಸಿಡಿಲು ತಡೆಯುವ ಅರೆಸ್ಟರ್, ತಂತಿಯ ಕಡೆಯ ಫಿಲ್ಟರ್ ಇವುಗಳ ಸುತ್ತ ನೋಡಬೇಕು. ತಂತಿಗೆ ಉಜ್ಜುವ ಶೂನಲ್ಲಿ ಕಾರ್ಬನ್ ತುಂಡು ಇರುತ್ತದೆ. ಅದು ಸವೆದು ಕರಿ ಪುಡಿಯಾಗಿ ಇನ್ಸುಲೇಟರಿನ ಮೇಲೆ ಕೂರುತ್ತದೆ. ಒಣಗಿದ್ದಾಗ ಪರವಾಗಿಲ್ಲ, ತೇವ ತಗುಲಿದರೆ ಅದೇ ಕರೆಂಟಿಗೆ ದಾರಿ. ಕಂಬ ಇಳಿಸಿದ ಮೇಲೂ ಅಲಾರಂ ಉಳಿದರೆ ಛಾವಣಿಯನ್ನು ಬಿಟ್ಟು ಬ್ಯಾಟರಿ, ಮೋಟಾರಿನ ಕಡೆ ಬನ್ನಿ. ಒಂದೇ ಪ್ರಶ್ನೆಯಲ್ಲಿ ಅರ್ಧ ಬಸ್ಸು ಲೆಕ್ಕದಿಂದ ಹೊರಗೆ ಹೋಯಿತು.

ನಮ್ಮ ಬಸ್ಸಿನಲ್ಲಿ ಕಂಬ ಇಲ್ಲ, ಆದರೆ ಅಂಥದೇ ಪ್ರಶ್ನೆಗಳಿವೆ.

ಮೊದಲು ಡ್ರೈವರನ್ನು ವಿಚಾರಿಸಿ

ಮೀಟರ್ ಹಿಡಿಯುವ ಮುಂಚೆ ಬಸ್ಸು ಓಡಿಸಿದವರ ಹತ್ತಿರ ಕೂತು ಒಂದು ಟೀ ಕುಡಿಯುವುದು ಅರ್ಧ ದಿನ ಉಳಿಸುತ್ತದೆ. "ಅಲಾರಂ ಯಾವಾಗ ಬಂತಣ್ಣ?" ಎಂದು ಕೇಳಿದರೆ "ಬೆಳಿಗ್ಗೆ" ಅನ್ನುತ್ತಾರೆ. ಅದು ಸಾಲದು. ಕೀ ತಿರುಗಿಸಿದಾಗಲೇ? ರೆಡಿ ದೀಪ ಬಂದ ಮೇಲೆಯೇ? ತಂಪಿಗೆ ಎಸಿ ಹಾಕಿದ ಮೇಲೆ? ಗೇಟು ದಾಟಿದ ಮೇಲೆ? ಚಾರ್ಜಿಂಗ್ ಗನ್ ಚುಚ್ಚಿದ್ದಾಗ? ಪ್ರತಿಯೊಂದು ಉತ್ತರವೂ ಬೇರೆ ಬೇರೆ ಜಾಗವನ್ನು ತೋರಿಸುತ್ತದೆ.

ಕೀ ಹಾಕಿ 24 ವೋಲ್ಟ್ ಮಾತ್ರ ಎದ್ದಿದೆ, ಕಾಂಟ್ಯಾಕ್ಟರ್ ಇನ್ನೂ ಕೂತಿಲ್ಲ (ಲೈನ್ ಸೇರಿಸಿಲ್ಲ), ಆಗಲೇ ಅಲಾರಂ ಇದೆ ಎಂದರೆ ದೋಷ ಬ್ಯಾಟರಿ ಪ್ಯಾಕಿನೊಳಗೇ, ಅಥವಾ ಪ್ಯಾಕಿನಿಂದ ಕಾಂಟ್ಯಾಕ್ಟರ್‌ವರೆಗಿನ ಕೇಬಲಿನಲ್ಲಿ. ಪ್ಯಾಕಿನೊಳಗೆ ಕೂಲೆಂಟ್ ಸೋರಿರಬಹುದು, ಕೆಳಗಿನಿಂದ ಕಲ್ಲು ಹೊಡೆದು ಸೀಲು ಬಿಟ್ಟು ನೀರು ಸೇರಿರಬಹುದು. ಇದು ಶೆಡ್ಡಿನಲ್ಲಿ ಬಿಚ್ಚುವ ಕೆಲಸವಲ್ಲ. ಬಸ್ಸನ್ನು ಬೇರೆ ಬಸ್ಸುಗಳಿಂದ ದೂರ ನಿಲ್ಲಿಸಿ ಪ್ಯಾಕ್ ಕಂಪನಿಯವರನ್ನು ಕರೆಯಿರಿ, ಅಲ್ಲಿಗೆ ನಿಮ್ಮ ಪಾತ್ರ ಮುಗಿಯಿತು.

ಕಾಂಟ್ಯಾಕ್ಟರ್ ಕೂತ ಮೇಲೆ ಬಂದರೆ ಒಂದೇ ಡಿಸಿ ಲೈನಿಗೆ ಅಂಟಿಕೊಂಡಿರುವ ಎಲ್ಲದರ ಮೇಲೂ ಅನುಮಾನ: ಜಂಕ್ಷನ್ ಬಾಕ್ಸು, ಡಿಸಿಯನ್ನು ಎಸಿ ಕರೆಂಟಾಗಿ ಮಾಡುವ ಇನ್ವರ್ಟರುಗಳು, 24 ವೋಲ್ಟ್ ಮಾಡಿಕೊಡುವ ಡಿಸಿ-ಡಿಸಿ, ಅವುಗಳ ಕನೆಕ್ಟರು. ಎಸಿ ಹಾಕಿದಾಗ ಬಂದರೆ ಎಸಿ ಕಂಪ್ರೆಸರು. ಬ್ರೇಕಿನ ಗಾಳಿ ತುಂಬುವ ಕಂಪ್ರೆಸರ್ ಶುರುವಾದಾಗ ಬಂದರೆ ಅದರ ಮೋಟಾರು. ಸ್ಟೇರಿಂಗ್ ಪಂಪಿನ ಮೋಟಾರನ್ನು ಬಹಳ ಜನ ಮರೆಯುತ್ತಾರೆ, ಅದೂ ಪಟ್ಟಿಯಲ್ಲಿದೆ. ಬಸ್ಸು ಚಲಿಸಿದ ಮೇಲೆ ಬಂದರೆ ಚಕ್ರ ತಿರುಗಿಸುವ ಟ್ರಾಕ್ಷನ್ ಮೋಟಾರು, ಅದಕ್ಕೆ ಹೋಗುವ ಮೂರು ದಪ್ಪ ಕೇಬಲ್. ಇನ್ವರ್ಟರ್ ಕೆಲಸ ಶುರು ಮಾಡುವವರೆಗೂ ಮೋಟಾರ್ ಕಡೆಯ ಸೋರಿಕೆ ಅಲಾರಂ ಘಟಕಕ್ಕೆ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ನಿಂತ ಬಸ್ಸಿನಲ್ಲಿ ಅಂಕಿ ಚೆನ್ನಾಗಿದೆ ಎಂದು ಮೋಟಾರಿಗೆ ಸರ್ಟಿಫಿಕೇಟು ಕೊಡಬೇಡಿ.

ಚಾರ್ಜಿಂಗ್ ಸಮಯದಲ್ಲಿ ಮಾತ್ರ ಬಂದರೆ ಇನ್‌ಲೆಟ್ಟು, ಗನ್ನು, ಚಾರ್ಜರು. ಫಾಸ್ಟ್ ಚಾರ್ಜರಿಗೆ ತನ್ನದೇ ಇನ್ಸುಲೇಷನ್ ಘಟಕ ಇರುತ್ತದೆ. ಅದು ಅಳೆಯುವಾಗ ಬಸ್ಸಿನ ಘಟಕ ಸುಮ್ಮನಿರಬೇಕು. ಎರಡೂ ಒಟ್ಟಿಗೆ ಅಳೆದರೆ ಒಂದು ಅಳೆಯಲು ಕಳಿಸುವ ಪಲ್ಸು ಇನ್ನೊಂದಕ್ಕೆ ಸೋರಿಕೆಯಂತೆ ಕಂಡು ಸುಳ್ಳು ಅಲಾರಂ ಬರುತ್ತದೆ. ಬೇರೆ ಗನ್ನಿಗೆ ಹಾಕಿ ನೋಡಿ. ದೋಷ ಬಸ್ಸಿನ ಜೊತೆ ಹೋಯಿತೋ, ಗನ್ನಿನ ಜೊತೆ ಉಳಿಯಿತೋ ಎಂಬುದರಲ್ಲೇ ಉತ್ತರವಿದೆ. ಇನ್‌ಲೆಟ್ಟಿನ ಕೆಳಗೆ ನೀರು ಹರಿದು ಹೋಗಲು ಸಣ್ಣ ತೂತು ಇರುತ್ತದೆ. ಧೂಳು, ಹುಳದ ಗೂಡು ಸೇರಿ ಅದು ಮುಚ್ಚಿಕೊಂಡರೆ ಒಳಗೆ ನೀರು ನಿಲ್ಲುತ್ತದೆ.

ಇಲ್ಲಿ ಒಂದು ಮಾತು. ಅಲಾರಂ ಬಂತೆಂದರೆ ಎಲ್ಲರ ಕಣ್ಣೂ ಮೊದಲು ಚಾರ್ಜಿಂಗ್ ಇನ್‌ಲೆಟ್ಟಿನ ಮೇಲೆ ಬೀಳುತ್ತದೆ, ಕಣ್ಣಿಗೆ ಸುಲಭವಾಗಿ ಕಾಣುವ ಜಾಗ ಅದೇ. ಆದರೆ ಚಾರ್ಜ್ ಆಗದಿರುವಾಗ ಇನ್‌ಲೆಟ್ಟಿನ ಪಿನ್ನುಗಳನ್ನು ಬೇರೆಯದೇ ಕಾಂಟ್ಯಾಕ್ಟರುಗಳು ಬೇರ್ಪಡಿಸಿರುತ್ತವೆ. ಗನ್ ತೆಗೆದು ಬಸ್ಸು ಹೊರಟ ಮೇಲೆ ಅಲಾರಂ ಬರುತ್ತಿದ್ದರೆ ಪಿನ್ನು ಒರೆಸುತ್ತಾ ಕೂರುವುದು ವ್ಯರ್ಥ.

ಒಂದೊಂದು ಹಂತದಲ್ಲೂ ಒಂದೆರಡು ನಿಮಿಷ ಕಾಯಿರಿ. ಬಾಡಿಗೂ ಲೈನಿಗೂ ನಡುವೆ ಫಿಲ್ಟರ್ ಕೆಪಾಸಿಟರುಗಳಿರುವುದರಿಂದ ಅಳತೆ ನೆಲೆಗೊಳ್ಳಲು ಹೊತ್ತು ಬೇಕು. ಎಸಿ ಹಾಕಿದ ಕೂಡಲೇ ಆರಿಸಿ, ಪಂಪ್ ಹಾಕಿ, ಮತ್ತೆ ಆರಿಸಿ ಅವಸರ ಮಾಡಿದರೆ ಎಸಿಯ ಅಲಾರಂ ಪಂಪಿನ ಲೆಕ್ಕಕ್ಕೆ ಬರೆಯಲ್ಪಡುತ್ತದೆ.

ಗ್ಲೌಸು, ಬೀಗ, ಜೊತೆಗೊಬ್ಬ

ಇಲ್ಲಿಂದ ಮುಂದೆ ಕೈ ಹಾಕುವವರು ಹೈ ವೋಲ್ಟೇಜ್ ತರಬೇತಿ ಪಡೆದಿರಬೇಕು. 60 ವೋಲ್ಟ್ ಡಿಸಿ ದಾಟಿದ್ದೆಲ್ಲ ಅಪಾಯವೇ, ಇಲ್ಲಿ ಅದರ ಹತ್ತು ಪಟ್ಟು ಇದೆ. 1000 ವೋಲ್ಟ್ ದರ್ಜೆಯ ರಬ್ಬರ್ ಗ್ಲೌಸು, ಅದರ ಮೇಲೆ ಚರ್ಮದ್ದು. ಹಾಕುವ ಮುಂಚೆ ಗ್ಲೌಸಿನ ಬಾಯಿ ಸುತ್ತಿ ಗಾಳಿ ಹಿಡಿದು ಒತ್ತಿ ನೋಡಿ, ಎಲ್ಲಾದರೂ ಸುಸ್ ಅಂದರೆ ಆ ಜೋಡಿ ಕಸಕ್ಕೆ. ಉಂಗುರ, ಕಡಗ, ಕತ್ತಿನ ಸರ ಬಿಚ್ಚಿಡಿ. 24 ವೋಲ್ಟ್ ಆರಿಸಿ, ಬ್ಯಾಟರಿ ಲೈನನ್ನು ಕೈಯಿಂದ ಕಡಿಯುವ ಸರ್ವಿಸ್ ಪ್ಲಗ್ ಕಿತ್ತು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ, ಟೂಲ್ ಬಾಕ್ಸಿನಲ್ಲಲ್ಲ. ಇನ್ವರ್ಟರಿನೊಳಗಿನ ಕೆಪಾಸಿಟರ್ ಖಾಲಿಯಾಗಲು ಲೇಬಲ್ಲಿನಲ್ಲಿ ಬರೆದಷ್ಟು ಹೊತ್ತು ಕಾಯಿರಿ. ಆಮೇಲೆ ಮೀಟರನ್ನು ಗೊತ್ತಿರುವ ವೋಲ್ಟೇಜಿನ ಮೇಲೆ ಇಟ್ಟು ನೋಡಿ, ಬಸ್ಸಿನ ಲೈನ್ ಮೇಲೆ ಇಟ್ಟು ಸೊನ್ನೆ ಬಂತೆಂದು ನೋಡಿ, ಮತ್ತೆ ಗೊತ್ತಿರುವುದರ ಮೇಲೆ ಇಟ್ಟು ನೋಡಿ. ಮೀಟರೇ ಸತ್ತಿದ್ದರೂ ಸೊನ್ನೆಯೇ ಬರುತ್ತದಲ್ಲ! ಒಬ್ಬರೇ ಈ ಕೆಲಸಕ್ಕೆ ಇಳಿಯಬೇಡಿ.

ಮೀಟರಿನ ಲೆಕ್ಕ

ಸ್ಕ್ಯಾನರ್ ಅಂಕಿಯನ್ನು ನಂಬಬೇಕೋ ಬೇಡವೋ ಎಂಬ ಅನುಮಾನ ಬಂದಾಗ ಬರೀ ಮಲ್ಟಿಮೀಟರಿನಿಂದ ತಾಳೆ ನೋಡುವ ವಿಧಾನವೊಂದಿದೆ. ಆರ್-100 ನಿಯಮದಲ್ಲೇ ಇರುವುದು. ಕಾಂಟ್ಯಾಕ್ಟರ್ ಕೂತಿರುವಾಗ, ತಯಾರಕರು ಅಳತೆಗೆಂದೇ ಕೊಟ್ಟಿರುವ ಪಾಯಿಂಟುಗಳಲ್ಲಿ, ಗ್ಲೌಸ್ ಹಾಕಿಕೊಂಡೇ ಮಾಡಬೇಕು. ಮೀಟರ್ 1000 ವೋಲ್ಟಿನ ಕ್ಯಾಟ್-3 ದರ್ಜೆಯದಾಗಿರಲಿ.

ಮೈನಸ್ಸಿನಿಂದ ಬಾಡಿಗೆ ಎಷ್ಟು ವೋಲ್ಟ್, ಪ್ಲಸ್ಸಿನಿಂದ ಬಾಡಿಗೆ ಎಷ್ಟು, ಎರಡನ್ನೂ ಅಳೆಯಿರಿ. ಬಸ್ಸು ಆರೋಗ್ಯವಾಗಿದ್ದರೆ ಎರಡೂ ಹೆಚ್ಚುಕಮ್ಮಿ ಸಮ: 600ರಲ್ಲಿ 300, 300. ಅಂಕಿ ಮೆಲ್ಲಗೆ ಏರಿಳಿಯುತ್ತಿದ್ದರೆ ಗಾಬರಿ ಬೇಡ, ಅಲಾರಂ ಘಟಕ ತನ್ನ ಪಲ್ಸ್ ಕಳಿಸುತ್ತಿದೆ; ಸರಿಯಾದ ಅಳತೆಗೆ ಆ ಘಟಕದ ಕನೆಕ್ಟರ್ ಬಿಡಿಸಿಟ್ಟುಕೊಳ್ಳಬೇಕು. ಈಗ ಮೈನಸ್-ಬಾಡಿ 480, ಪ್ಲಸ್-ಬಾಡಿ 120 ಬಂತು ಎಂದುಕೊಳ್ಳಿ. ಬಾಡಿ ಪ್ಲಸ್ಸಿನ ಹತ್ತಿರಕ್ಕೆ ವಾಲಿದೆ. ಅಂದರೆ ಸೋರುತ್ತಿರುವುದು ಪ್ಲಸ್ ಕಡೆ.

ಎಷ್ಟು ಸೋರುತ್ತಿದೆ? ಹೆಚ್ಚು ವೋಲ್ಟ್ ತೋರಿಸಿದ ಕಡೆಗೆ, ಅಂದರೆ ಇಲ್ಲಿ ಮೈನಸ್ ಮತ್ತು ಬಾಡಿ ನಡುವೆ, 300 ಕಿಲೋಓಮಿನ ರೆಸಿಸ್ಟರ್ ಸೇರಿಸಿ ಮತ್ತೆ ಅಳೆಯಿರಿ. 480 ಇದ್ದದ್ದು 423.5ಕ್ಕೆ ಇಳಿಯಿತು ಎನ್ನೋಣ. ಲೆಕ್ಕ ಇಷ್ಟೇ:

ಸೋರಿಕೆಯ ರೋಧ = ರೆಸಿಸ್ಟರ್ × ಬ್ಯಾಟರಿ ವೋಲ್ಟ್ × (1/ಹೊಸ ಅಳತೆ − 1/ಹಳೆ ಅಳತೆ)

3,00,000 × 600 × (1/423.5 − 1/480), ಬಂದ ಉತ್ತರ ಸುಮಾರು 50 ಕಿಲೋಓಮ್. ಮಿತಿ 60. ಹಾಗಾದರೆ ಕೆಂಪು ದೀಪ ಸುಳ್ಳು ಹೇಳಿರಲಿಲ್ಲ. ಒಂದು ಎಚ್ಚರಿಕೆ: ರೇಡಿಯೋ ರಿಪೇರಿಯ ಕಾಲು ವ್ಯಾಟಿನ ರೆಸಿಸ್ಟರ್ ಹಾಕಬೇಡಿ. 480 ವೋಲ್ಟಿಗೆ ಅದು ಮುಕ್ಕಾಲು ವ್ಯಾಟಿಗಿಂತಲೂ ಹೆಚ್ಚು ಶಾಖ ತಡೆಯಬೇಕು, ಜೊತೆಗೆ ಅಷ್ಟು ವೋಲ್ಟೇಜನ್ನೂ ತಾಳಬೇಕು. ಎರಡು ವ್ಯಾಟಿನವು ಮೂರು ನಾಲ್ಕನ್ನು ಸಾಲಾಗಿ ಬೆಸೆದು, ಮೇಲೆ ಸ್ಲೀವ್ ಹಾಕಿ, ಎರಡೂ ತುದಿಗೆ ಒಳ್ಳೆಯ ಕ್ಲಿಪ್ ಕೂರಿಸಿದ ಒಂದು ಕೋಲು ಮಾಡಿಟ್ಟುಕೊಂಡರೆ ವರ್ಷಗಟ್ಟಲೆ ಬರುತ್ತದೆ.

ಈ 480/120 ಅನುಪಾತಕ್ಕೆ ಇನ್ನೊಂದು ಅರ್ಥವೂ ಇರಬಹುದು. ಸೋರಿಕೆ ಪ್ಯಾಕಿನ ಒಳಗೇ, ನಡುವಿನ ಯಾವುದೋ ಸೆಲ್ಲಿನಿಂದ ಆಗುತ್ತಿದ್ದರೆ ಬಾಡಿ ಆ ಸೆಲ್ಲಿನ ವೋಲ್ಟೇಜಿಗೆ ಹೋಗಿ ನಿಲ್ಲುತ್ತದೆ. 600ರಲ್ಲಿ 480 ಎಂದರೆ ಶೇಕಡ 80. ಸಾಲಾಗಿ 190 ಸೆಲ್ಲಿದ್ದರೆ ಮೈನಸ್ಸಿನಿಂದ ಎಣಿಸಿ 152ನೆಯದರ ಆಸುಪಾಸು. ಕಾಂಟ್ಯಾಕ್ಟರ್ ಬಿಡಿಸಿದಾಗಲೂ ಪ್ಯಾಕಿನ ಕಡೆ ಅದೇ ಅನುಪಾತ ಉಳಿದರೆ ಪ್ಯಾಕು, ಹೋದರೆ ಹೊರಗಿನದು. ಪ್ಯಾಕ್ ಕಂಪನಿಯವರಿಗೆ ಈ ಅಂಕಿ ಹೇಳಿ ನೋಡಿ, ನಿಮ್ಮ ಜೊತೆ ಮಾತಾಡುವ ಧಾಟಿಯೇ ಬದಲಾಗುತ್ತದೆ.

ಸೋರಿಕೆ ಎರಡೂ ಕಡೆ ಸಮವಾಗಿದ್ದರೆ ವೋಲ್ಟೇಜು 300, 300 ಎಂದೇ ತೋರಿಸಿ ನಂಬಿಸಿಬಿಡುತ್ತದೆ. ರೆಸಿಸ್ಟರ್ ಹಾಕಿದಾಗಲೇ ಬಣ್ಣ ಬಯಲಾಗುವುದು. ಬರೀ ಅಸಮತೋಲನ ನೋಡುವ ಅಗ್ಗದ ಅಲಾರಂ ಘಟಕಗಳೂ ಇಲ್ಲೇ ಮೋಸ ಹೋಗುತ್ತವೆ.

ಶೆಡ್ಡಿನಲ್ಲಿ ಕಂಡದ್ದು

ಊರ ಹೊರಗಿನ ಒಂದು ಶೆಡ್ಡಿನ ಬಸ್ಸು. ಲಕ್ಷಣ ಮೇಲೆ ಬರೆದದ್ದೇ, ಬೆಳಿಗ್ಗೆ ಮಾತ್ರ. ಡ್ರೈವರ್ ಶಿರಾ ಕಡೆಯವರು, ವಯಸ್ಸಾದವರು. "ಹಗಲೊತ್ತು ಏನೂ ಇಲ್ಲ ಕಣಪ್ಪ, ಹಸು ಇದ್ದಂಗೆ ಇರ್ತದೆ. ಬೆಳಿಗ್ಗೆ ಎಬ್ಬಿಸಿದ್ರೆ ಮಾತ್ರ ರಚ್ಚೆ ಹಿಡೀತದೆ" ಅಂದರು. ಕೆದಕಿ ಕೇಳಿದಾಗ ಒಂದು ಒಳ್ಳೆ ಸುಳಿವು ಸಿಕ್ಕಿತು: "ಆ ಗುರ್ ಅನ್ನೋ ಸದ್ದು ಬತ್ತದಲ್ಲ, ಗಾಳಿ ಹಿಡಿಯೋದು, ಅದಾದ್ಮೇಲೇ ಬರೋದು."

ರಾತ್ರಿ ನಿಂತ ಬಸ್ಸಿನಲ್ಲಿ ಗಾಳಿ ಇಳಿದಿರುತ್ತದೆ. ಹಾಗಾಗಿ ಬೆಳಿಗ್ಗೆ ಆನ್ ಮಾಡಿದ ಕೂಡಲೇ ಮೊದಲು ಎದ್ದೇಳುವುದು ಬ್ರೇಕಿನ ಏರ್ ಕಂಪ್ರೆಸರು. ಕೋಡ್ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. ಇನ್ಸುಲೇಷನ್ ಕೋಡು ಎಂದೂ ಜಾಗ ಹೇಳುವುದಿಲ್ಲ, ಸೋರಿಕೆ ಇದೆ ಎಂದಷ್ಟೇ ಹೇಳುತ್ತದೆ. ಬೆಳಗಿನ ಜಾವವೇ ಹೋಗಿ ಸ್ಕ್ಯಾನರ್ ಹಚ್ಚಿ ಕೂತೆವು. ಕೀ ಹಾಕಿದಾಗ ಮೆಗಾಓಮ್. ಕಾಂಟ್ಯಾಕ್ಟರ್ ಕೂತಾಗ ಸ್ವಲ್ಪ ಇಳಿಯಿತು. ಕಂಪ್ರೆಸರ್ ಗುರ್ ಎಂದ ಮೇಲೆ ಅಂಕಿ ಜಾರುತ್ತಾ ಜಾರುತ್ತಾ ಕೆಂಪಿಗೆ ಬಂತು.

ಪ್ಲಗ್ ಕಿತ್ತು, ಕಾದು, ಸೊನ್ನೆ ನೋಡಿಕೊಂಡು ಬಸ್ಸಿನ ಕೆಳಗೆ ಹೋದಾಗ ಕಂಪ್ರೆಸರ್ ಮೋಟಾರಿನ ಕಿತ್ತಳೆ ಬಣ್ಣದ ಕನೆಕ್ಟರ್ ಹೊರಗಿನಿಂದ ಸರಿಯಾಗೇ ಇತ್ತು. ಲಾಕ್ ಎತ್ತಿ ಬಿಡಿಸಿದರೆ ರಬ್ಬರ್ ಸೀಲು ಒಂದು ಕಡೆ ಮಡಚಿಕೊಂಡಿತ್ತು. ಒಳಗೆ ಪಿನ್ನುಗಳ ಬುಡದಲ್ಲಿ, ಪ್ಲಾಸ್ಟಿಕ್ಕಿನ ಮೇಲೆ, ಬಚ್ಚಲ ಬಕೆಟ್ಟಿಗೆ ಕಟ್ಟುವಂಥ ಬಿಳಿ ಕರೆ. ಉಗುರಿನಿಂದ ಕೆರೆದರೆ ಪುಡಿಪುಡಿಯಾಗಿ ಬಂತು. ಮುಟ್ಟಿದರೆ ತೇವ.

ಎಲ್ಲಿಂದ ಬಂತು ಎಂದು ಬಹಳ ಯೋಚಿಸಬೇಕಾಗಲಿಲ್ಲ. ನಮ್ಮ ಜಿಲ್ಲೆಯ ಬೋರ್ ನೀರು ಎಂಥದೆಂದು ಇಲ್ಲಿಯವರಿಗೆ ಹೇಳಬೇಕಿಲ್ಲ. ಪಾವಗಡದ ಕಡೆ ಫ್ಲೋರೈಡ್, ಉಳಿದ ಕಡೆ ಗಡಸು. ಅದರ ಮೇಲೆ ಆ ಶೆಡ್ಡಿನಲ್ಲಿ ಬಸ್ಸು ತೊಳೆಯಲು ಶುದ್ಧ ನೀರಿನ ಘಟಕದಿಂದ ಹೊರಗೆ ಬಿಡುವ ವೇಸ್ಟ್ ನೀರನ್ನು ತೊಟ್ಟಿಗೆ ತುಂಬಿಸಿಕೊಳ್ಳುತ್ತಿದ್ದರು. ನೀರು ಉಳಿಸುವ ಯೋಚನೆ ಒಳ್ಳೆಯದೇ, ಡೀಸೆಲ್ ಬಸ್ಸಿಗೆ ಅದರಿಂದ ಅಂಥ ನಷ್ಟವಿಲ್ಲ. ಆದರೆ ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಸೇರಿರುವುದು ಆ ವೇಸ್ಟ್ ನೀರಿನಲ್ಲೇ. ಪ್ರೆಷರ್ ವಾಷರಿನಲ್ಲಿ ಅದನ್ನು ಅಡಿಯಿಂದ ಹೊಡೆದಾಗ ಮಡಚಿದ ಸೀಲಿನ ಸಂದಿಯಲ್ಲಿ ಚೂರು ಒಳಗೆ ಹೋಗುತ್ತದೆ. ನೀರು ಆರುತ್ತದೆ, ಉಪ್ಪು ಉಳಿಯುತ್ತದೆ. ಪ್ರತಿ ತೊಳೆತಕ್ಕೂ ಒಂದು ಪದರ. ಒಣಗಿದ ಉಪ್ಪಿನಲ್ಲಿ ಕರೆಂಟು ಹೋಗದು. ಇಬ್ಬನಿಯ ತೇವ ಹೀರಿಕೊಂಡರೆ ಹೋಗುತ್ತದೆ. ಬಿಸಿಲಿಗೆ, ಮೋಟಾರಿನ ಶಾಖಕ್ಕೆ ಒಣಗಿದ ಮೇಲೆ ಮತ್ತೆ ಹೋಗದು. ಜೋರು ಮಳೆಗಿಂತ ಚಳಿಗಾಲದ ಬೆಳಗಿನಲ್ಲಿ ಅಲಾರಂ ಹೆಚ್ಚಾದದ್ದೂ ಇದಕ್ಕೇ. ಮಳೆಯ ನೀರಿನಲ್ಲಿ ಉಪ್ಪಿಲ್ಲ, ಅದು ಬಿದ್ದರೆ ಹೊರಗಿನ ಕರೆ ತೊಳೆದೇ ಹೋಗುತ್ತದೆ. ಇಬ್ಬನಿ ತೊಳೆಯುವುದಿಲ್ಲ, ನೆನೆಸಿ ಬಿಡುತ್ತದೆ.

ರಿಪೇರಿ ಹೇಳಿಕೊಳ್ಳುವಂಥದ್ದೇನಲ್ಲ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನಲ್ಲಿ ಮೃದುವಾದ ಬ್ರಷ್ ಅದ್ದಿ ಉಪ್ಪು ಕರಗಿಸಿ ತೆಗೆದು, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಒರೆಸಿ, ಪೂರ್ತಿ ಒಣಗಿಸಬೇಕು. ಬರೀ ಬಟ್ಟೆಯಲ್ಲಿ ಒರೆಸಿದರೆ ಉಪ್ಪು ಹರಡುತ್ತದೆಯೇ ಹೊರತು ಹೋಗುವುದಿಲ್ಲ. ಡಬ್ಲ್ಯುಡಿ-40 ಹೊಡೆಯುವ ಚಟ ಇರುವವರು ಇಲ್ಲಿ ಕೈ ಕಟ್ಟಿಕೊಳ್ಳಿ. ಪಿನ್ನುಗಳ ನಡುವಿನ ಪ್ಲಾಸ್ಟಿಕ್ ಮೇಲೆ ಕಂದು ಅಥವಾ ಕಪ್ಪು ಗೆರೆ ಮೂಡಿದ್ದರೆ ಕರೆಂಟು ಅಲ್ಲಿ ಸುಟ್ಟು ದಾರಿ ಮಾಡಿಕೊಂಡಿದೆ ಎಂದರ್ಥ. ಅಂಥ ಕನೆಕ್ಟರನ್ನು ಎಷ್ಟು ತೊಳೆದರೂ ಪ್ರಯೋಜನವಿಲ್ಲ, ಬದಲಾಯಿಸಿ. ಸೀಲು ಹೇಗೂ ಹೊಸದೇ ಹಾಕಬೇಕು.

ಗ್ಯಾಸ್ ತುಂಬಿಸಿದ ಮೇಲೆ ಬಂದ ಅಲಾರಂ

ಇದನ್ನು ಬೇರೆಯಾಗಿ ಹೇಳಬೇಕು, ಯಾಕೆಂದರೆ ದೋಷ ಮಾಡುವವರು ನಮ್ಮವರೇ. ಎಸಿ ತಣ್ಣಗಾಗುತ್ತಿಲ್ಲ ಎಂದು ಕಾರ್ ಎಸಿ ಮೆಕ್ಯಾನಿಕ್ಕನ್ನು ಕರೆಸಿ ಗ್ಯಾಸ್ ತುಂಬಿಸುತ್ತಾರೆ. ಕೆಲವು ದಿನದಲ್ಲಿ ಎಸಿ ಹಾಕಿದಾಗಲೆಲ್ಲ ಇನ್ಸುಲೇಷನ್ ಎಚ್ಚರಿಕೆ. ಕನೆಕ್ಟರ್ ಬಿಚ್ಚಿ ನೋಡಿದರೆ ಫಳಫಳ.

ಬೆಲ್ಟಿನಿಂದ ತಿರುಗುವ ಕಾರ್ ಕಂಪ್ರೆಸರಿಗೆ ಸಾಮಾನ್ಯವಾಗಿ ಪಿಎಜಿ ಎಣ್ಣೆ ಹಾಕುತ್ತಾರೆ. ಕರೆಂಟ್ ಬಸ್ಸಿನ ಕಂಪ್ರೆಸರಿನಲ್ಲಿ ಮೋಟಾರಿನ ವೈಂಡಿಂಗೇ ಗ್ಯಾಸು ಮತ್ತು ಎಣ್ಣೆಯಲ್ಲಿ ಮುಳುಗಿರುತ್ತದೆ. ಅಲ್ಲಿ ಎಣ್ಣೆಯೂ ಇನ್ಸುಲೇಷನ್ನಿನ ಒಂದು ಭಾಗ. ಅದಕ್ಕೆಂದೇ ಕರೆಂಟು ಹರಿಯದ ಪಿಒಇ ಎಣ್ಣೆ ಹಾಕುತ್ತಾರೆ. ಅದರಲ್ಲಿ ಪಿಎಜಿ ಬೆರೆತರೆ, ಸ್ವಲ್ಪವೇ ಆದರೂ, ರೋಧ ಬೀಳುತ್ತದೆ. ಗ್ಯಾಸ್ ಮಷೀನಿನ ಪೈಪಿನಲ್ಲಿ ಹಿಂದಿನ ಕಾರಿನ ಎಣ್ಣೆ ಉಳಿದಿದ್ದರೂ ಸಾಕು. ಒಮ್ಮೆ ಬೆರೆತದ್ದನ್ನು ತೊಳೆದು ತೆಗೆಯುವುದು ಬಲು ಕಷ್ಟ, ಸಾಮಾನ್ಯವಾಗಿ ಕಂಪ್ರೆಸರೇ ಹೋಗುತ್ತದೆ. ಕಂಪ್ರೆಸರಿನ ಮೇಲೆ ಎಣ್ಣೆಯ ಹೆಸರು ಬರೆದಿರುತ್ತಾರೆ. ಗ್ಯಾಸ್ ತುಂಬಿಸಲು ಬಂದವರಿಗೆ ಬೆರಳಿಟ್ಟು ತೋರಿಸಿ, ಡಬ್ಬ ನೋಡಿದ ಮೇಲೇ ಪೈಪ್ ಹಚ್ಚಲು ಬಿಡಿ.

ಮೆಗ್ಗರ್ ಎಲ್ಲಿ, ಎಲ್ಲಿ ಬೇಡ

ಹೆಚ್ಚು ವೋಲ್ಟ್ ಕೊಟ್ಟು ಇನ್ಸುಲೇಷನ್ ಅಳೆಯುವ ಮೆಗ್ಗರ್ ಒಳ್ಳೆಯ ಉಪಕರಣ, ಆದರೆ ಕೈಗೆ ಸಿಕ್ಕಿದ ಕಡೆಯೆಲ್ಲ ಹಚ್ಚುವುದಲ್ಲ. ಇನ್ವರ್ಟರು, ಡಿಸಿ-ಡಿಸಿ, ಬ್ಯಾಟರಿಯನ್ನು ನೋಡಿಕೊಳ್ಳುವ ಬಿಎಂಎಸ್ ಬೋರ್ಡು ಇವುಗಳಿಗೆ ಹಚ್ಚಿದರೆ ಒಳಗಿನ ಎಲೆಕ್ಟ್ರಾನಿಕ್ಸ್ ಹೋಗಬಹುದು. ಅಲಾರಂ ಘಟಕವನ್ನು ಬಿಡಿಸದೆ ಹಚ್ಚಿದರೆ ಅದರ ಮೂಲಕವೇ ಕರೆಂಟು ಹರಿದು ಸುಳ್ಳು ಅಂಕಿ ಬರುತ್ತದೆ, ಘಟಕವೂ ಕೆಡಬಹುದು. ಎರಡೂ ತುದಿ ಬಿಡಿಸಿದ ಕೇಬಲು, ಇನ್ವರ್ಟರಿನಿಂದ ಬೇರ್ಪಡಿಸಿದ ಮೋಟಾರು, ಇವಕ್ಕೆ ಮಾತ್ರ. 500 ವೋಲ್ಟಿನಿಂದ ಶುರು ಮಾಡಿ. 1000ಕ್ಕೆ ಹೋಗಬೇಕೋ ಬೇಡವೋ ಎಂಬುದು ಕೈಪಿಡಿಯ ಮಾತು. ಒಂದು ನಿಮಿಷ ಹಿಡಿದು ಅಂಕಿ ಏರುತ್ತದೋ ಇಳಿಯುತ್ತದೋ ನೋಡಿ. ಒಣ ವೈಂಡಿಂಗಿನಲ್ಲಿ ಏರುತ್ತಾ ಹೋಗುತ್ತದೆ, ತೇವ ಇದ್ದರೆ ಏರದೆ ಕೂರುತ್ತದೆ. ಮುಗಿದ ಮೇಲೆ ಡಿಸ್ಚಾರ್ಜ್ ಮಾಡುವುದನ್ನು ಮರೆಯಬೇಡಿ, ಉದ್ದ ಕೇಬಲು ಬಾರಿಸುತ್ತದೆ.

ಸರಿಯಾಯಿತು ಎಂದು ಹೇಳುವ ಮುಂಚೆ

ಮಧ್ಯಾಹ್ನ ಅಂಕಿ ನೋಡಿ ಬಸ್ಸು ಬಿಟ್ಟುಕೊಡಬೇಡಿ. ಮಧ್ಯಾಹ್ನ ಅದು ಮೊದಲೂ ಚೆನ್ನಾಗೇ ಇತ್ತಲ್ಲ. ಕನೆಕ್ಟರ್ ಮುಚ್ಚಿ ಲಾಕ್ ಹಾಕಿ, ಬಸ್ಸು ಪೂರ್ತಿ ಆಫ್ ಇರುವಾಗ, ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯಲ್ಲಿ ಆ ಭಾಗವನ್ನೂ ಅಕ್ಕಪಕ್ಕದ ಜಂಕ್ಷನ್ ಬಾಕ್ಸನ್ನೂ ಹೊರಗಿನಿಂದ ಚೆನ್ನಾಗಿ ತೇವ ಮಾಡಿ. ಸ್ವಲ್ಪ ಹೊತ್ತು ಬಿಟ್ಟು, ಯಾರೂ ಬಾಡಿ ಮುಟ್ಟಿಕೊಂಡಿಲ್ಲ ಎಂದು ನೋಡಿಕೊಂಡು ಆನ್ ಮಾಡಿ, ಮೊದಲಿನ ಹಂತಗಳನ್ನೇ ಅದೇ ಕ್ರಮದಲ್ಲಿ ನಡೆಸಿ. ಬ್ರೇಕ್ ತುಳಿದು ತುಳಿದು ಗಾಳಿ ಇಳಿಸಿದರೆ ಕಂಪ್ರೆಸರ್ ಎದ್ದೇಳುತ್ತದೆ. ಅದು ಒಂದು ಸುತ್ತು ಪೂರ್ತಿ ಓಡಿ ನಿಲ್ಲುವವರೆಗೂ ಸ್ಕ್ಯಾನರಿನ ಅಂಕಿಯ ಮೇಲೆ ಕಣ್ಣಿಡಿ. ಮೆಗಾಓಮಿನಲ್ಲೇ ನಿಂತರೆ ಬಸ್ಸು ಕೊಡಬಹುದು. ಕೆಲವು ನೂರು ಕಿಲೋಓಮಿಗೆ ಇಳಿದು ನಿಂತರೆ ದೀಪ ಹತ್ತದಿದ್ದರೂ ಇನ್ನೊಂದು ಕಡೆ ಸೋರಿಕೆ ಉಳಿದಿದೆ, ಭಾಗ ಮಾಡುವ ಕೆಲಸ ಮತ್ತೆ ಮೊದಲಿನಿಂದ.

ರಿಜಿಸ್ಟರಿನಲ್ಲಿ ಅಂಕಿಯ ಪಕ್ಕ ಹೊತ್ತು, ಹವೆ, ಬಸ್ಸನ್ನು ಕೊನೆಯ ಬಾರಿ ತೊಳೆದ ದಿನ ಈ ಮೂರನ್ನೂ ಬರೆಯಿಸಿ. ತೊಳೆಯುವ ಹುಡುಗರಿಗೆ ಅಡಿಭಾಗಕ್ಕೆ ಜೋರು ಜೆಟ್ ಹೊಡೆಯಬೇಡಿ ಎಂದು ಹೇಳಿ, ಕಿತ್ತಳೆ ಕೇಬಲ್ ಕಂಡಲ್ಲಿ ವಾಷರಿನ ಗನ್ ಒಂದು ಮಾರು ದೂರವಿರಲಿ. ವೇಸ್ಟ್ ನೀರಿನ ತೊಟ್ಟಿಯನ್ನು ಡೀಸೆಲ್ ಬಸ್ಸುಗಳಿಗೆ ಮೀಸಲಿಟ್ಟು, ಕರೆಂಟ್ ಬಸ್ಸಿನ ಅಡಿಗೆ ಒದ್ದೆ ಬಟ್ಟೆ ಮತ್ತು ಬ್ರಷ್ ಸಾಕು.